ಗುಡಿ ಪಕ್ಕದ ಹಳೆ ಮನೆಗೆ ಇನ್ನೊಂದು ಕೋಣೆ ಬೇಕೇ? ಅನುಮತಿಯಿಂದ ಪಾಯದವರೆಗೆ ಸಮಗ್ರ ಮಾರ್ಗದರ್ಶಿ

ಗದಗಿನ ತ್ರಿಕೂಟೇಶ್ವರ ಗುಡಿಯ ಸುತ್ತ, ಹುಬ್ಬಳ್ಳಿ ಉಣಕಲ್‌ನ ಚಂದ್ರಮೌಳೇಶ್ವರ ಗುಡಿಗೆ ಹೊಂದಿಕೊಂಡ ಓಣಿಗಳಲ್ಲಿ, ಹಾವೇರಿಯ ಸಿದ್ಧೇಶ್ವರ ಗುಡಿಯ ಬಳಿ, ಲಕ್ಕುಂಡಿಯ ಊರೊಳಗೆ ಜನ ತಲೆಮಾರುಗಳಿಂದ ಸ್ಮಾರಕಗಳ ಜೊತೆಗೇ ಬಾಳುತ್ತಿದ್ದಾರೆ. ಮಗನ ಮದುವೆ ಆಗುತ್ತದೆ, ಮನೆ ಸಾಲುವುದಿಲ್ಲ. ಮೇಲೊಂದು ಕೋಣೆ ಹಾಕೋಣ ಅನ್ನುವ ಮಾತು ಬರುತ್ತದೆ. ಅದು ನ್ಯಾಯವಾದ ಆಸೆಯೇ.

ತೊಂದರೆ ಶುರುವಾಗುವುದು ಕೆಲಸದ ಕ್ರಮದಲ್ಲಿ. ಸಾಮಾನ್ಯವಾಗಿ ಮೊದಲು ಗೌಂಡಿ, ಆಮೇಲೆ ಎಂಜಿನಿಯರ್, ಆಮೇಲೆ ಪಾಲಿಕೆ. ಕಾಲಂ ಎದ್ದ ಮೇಲೆ ಪುರಾತತ್ವ ಇಲಾಖೆಯ ನೋಟಿಸ್. ಆಗ ಹಾಕಿದ ದುಡ್ಡೂ ಹೋಯಿತು, ನೆಮ್ಮದಿಯೂ ಹೋಯಿತು. ಈ ಕ್ರಮವನ್ನು ತಿರುಗಿಸಿಕೊಂಡರೆ ಅರ್ಧ ಕಷ್ಟ ತಪ್ಪುತ್ತದೆ. ಇನ್ನರ್ಧ ತಪ್ಪುವುದು ನಕ್ಷೆ ಹೇಗಿದೆ ಅನ್ನುವುದರ ಮೇಲೆ. ಎರಡನ್ನೂ ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಹಂತ 1: ನಿಮ್ಮ ಮನೆ ಯಾವ ಗೆರೆಯೊಳಗಿದೆ ನೋಡಿ

ಗುಡಿಯ ಗೇಟಿನ ಹತ್ತಿರ ಇಲಾಖೆಯ ಬೋರ್ಡ್ ಇರುತ್ತದೆ. ಅದರಲ್ಲಿ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಹೆಸರಿದ್ದರೆ ಅದು ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕ. ನೋಡಿಕೊಳ್ಳುವುದು ಭಾರತೀಯ ಪುರಾತತ್ವ ಸರ್ವೇಕ್ಷಣ, ಅಂದರೆ ಎಎಸ್‌ಐ. ನಮ್ಮ ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಗಳು ಎಎಸ್‌ಐನ ಧಾರವಾಡ ವೃತ್ತಕ್ಕೆ ಬರುತ್ತವೆ, ಕಚೇರಿ ಧಾರವಾಡದಲ್ಲೇ ಇದೆ. ಮೇಲೆ ಹೇಳಿದ ಗುಡಿಗಳಲ್ಲದೆ ಡಂಬಳದ ದೊಡ್ಡಬಸಪ್ಪ, ಅಣ್ಣಿಗೇರಿಯ ಅಮೃತೇಶ್ವರ, ಹಾನಗಲ್ಲಿನ ತಾರಕೇಶ್ವರ ಗುಡಿಗಳೂ ಈ ಪಟ್ಟಿಯಲ್ಲಿವೆ.

ಇಂಥ ಸ್ಮಾರಕದ ಸುತ್ತ ಎರಡು ಗೆರೆಗಳಿವೆ. ಮೊದಲ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆಗೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಒಟ್ಟು 300 ಮೀಟರ್. ಇದು 2010ರ ತಿದ್ದುಪಡಿಯಲ್ಲಿ ಕಾಯ್ದೆಯೊಳಗೇ ಸೇರಿದ ಲೆಕ್ಕ. ಕೆಲವು ಸ್ಮಾರಕಗಳಿಗೆ ಸರ್ಕಾರ ಇದಕ್ಕಿಂತ ಜಾಸ್ತಿ ದೂರವನ್ನೂ ಗೊತ್ತುಮಾಡಬಹುದು.

ಅಳೆಯುವಾಗ ಜನ ಎರಡು ಕಡೆ ಎಡವುತ್ತಾರೆ. ಒಂದು, ಗುಡಿಯ ಶಿಖರದಿಂದ ಅಳೆಯುವುದು. ಲೆಕ್ಕ ಶುರುವಾಗುವುದು ಸಂರಕ್ಷಿತ ಜಾಗದ ಎಲ್ಲೆಯಿಂದ. ಅದು ಬಹಳ ಸಲ ಕಾಂಪೌಂಡಿನ ಹೊರಮೈ. ಎರಡು, ಓಣಿಯ ತಿರುವುಗಳಲ್ಲಿ ನಡೆದು ಹೆಜ್ಜೆ ಎಣಿಸುವುದು. ನಡೆದರೆ 150 ಮೀಟರ್ ಆಗುವ ಮನೆ ನೇರ ಗೆರೆಯಲ್ಲಿ 80 ಮೀಟರ್ ಇರಬಹುದು. ನಿಮ್ಮ ಜಾಗದ ಹತ್ತಿರದ ಮೂಲೆಗೆ ನೇರವಾಗಿ ಅಳೆಯಿರಿ. ಗೆರೆಯ ಆಸುಪಾಸಿನಲ್ಲಿದ್ದರೆ ಮೊಬೈಲ್ ಮ್ಯಾಪ್ ನಂಬಿ ಕೂರಬೇಡಿ. ಎಎಸ್‌ಐ ಕಚೇರಿಗೆ ಬರೆದು ಕೇಳಿ, ಲಿಖಿತ ಉತ್ತರ ಇಟ್ಟುಕೊಳ್ಳಿ.

ಬೋರ್ಡಿನಲ್ಲಿ ರಾಜ್ಯದ 1961ರ ಕಾಯ್ದೆಯ ಹೆಸರಿದ್ದರೆ ಅದು ರಾಜ್ಯ ಸಂರಕ್ಷಿತ ಸ್ಮಾರಕ. ಆಗ ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯನ್ನು ಕೇಳಬೇಕು. ಲಕ್ಕುಂಡಿಯಂಥ ಊರಲ್ಲಿ ಸ್ಮಾರಕಗಳು ಒತ್ತೊತ್ತಾಗಿವೆ. ಅಲ್ಲಿ ಒಂದು ಗುಡಿಯಿಂದ ದೂರ ಇದ್ದೀವಿ ಅಂತ ಸಮಾಧಾನಪಟ್ಟರೆ ಇನ್ನೊಂದು ಗುಡಿಯೋ ಬಾವಿಯೋ ಬೆನ್ನ ಹಿಂದೆಯೇ ಇರುತ್ತದೆ. ಸುತ್ತಲಿನ ಪ್ರತಿ ಸ್ಮಾರಕಕ್ಕೂ ಬೇರೆ ಬೇರೆಯಾಗಿ ಅಳೆಯಿರಿ.

ಹಂತ 2: ನೀವು ಮಾಡಹೊರಟಿದ್ದು ಯಾವ ಕೆಲಸ?

ಇಡೀ ವಿಷಯದ ಗಂಟು ಇರುವುದು ಇಲ್ಲೇ. ಕಾಯ್ದೆ ಕೆಲಸಗಳನ್ನು ಮೂರು ಬಗೆ ಮಾಡುತ್ತದೆ.

ಇರುವ ಕಟ್ಟಡದ ಒಳಗೆ ಬದಲಾವಣೆ ಮಾಡಿದರೆ ಅದು ದುರಸ್ತಿ ಅಥವಾ ನವೀಕರಣ. ಇದ್ದದ್ದನ್ನು ಕೆಡವಿ ಅದೇ ಉದ್ದ, ಅಗಲ, ಎತ್ತರಕ್ಕೆ ಮತ್ತೆ ಕಟ್ಟಿದರೆ ಪುನರ್ನಿರ್ಮಾಣ. ಇದೆರಡೂ ಅಲ್ಲದ್ದು ನಿರ್ಮಾಣ. ಮೇಲಕ್ಕೆ ಒಂದು ಅಂತಸ್ತು ಏರಿಸುವುದೂ ನಿರ್ಮಾಣ, ಹಿತ್ತಲಿಗೆ ಒಂದು ಕೋಣೆ ಚಾಚುವುದೂ ನಿರ್ಮಾಣವೇ. ಕಾಯ್ದೆಯ ವ್ಯಾಖ್ಯಾನದಲ್ಲಿ ಇದು ಸ್ಪಷ್ಟವಾಗಿದೆ.

100 ಮೀಟರಿನೊಳಗೆ ದುರಸ್ತಿ ಮತ್ತು ನವೀಕರಣಕ್ಕೆ ಮಾತ್ರ ಅರ್ಜಿ ಹಾಕಬಹುದು. ಅದೂ ಕಟ್ಟಡ 1992ರ ಜೂನ್ 16ಕ್ಕೆ ಮೊದಲೇ ಇದ್ದಿರಬೇಕು, ಇಲ್ಲವೇ ಆಮೇಲೆ ಎಎಸ್‌ಐ ಮಹಾನಿರ್ದೇಶಕರ ಒಪ್ಪಿಗೆ ಪಡೆದು ಕಟ್ಟಿದ್ದಿರಬೇಕು. ಅಲ್ಲಿ ಹೊಸ ಅಂತಸ್ತು ಸಿಗುವುದಿಲ್ಲ. ಯಾರಾದರೂ ಮಾಡಿಸಿಕೊಡುತ್ತೇನೆ ಅಂದರೆ ಅವರ ಕೈಗೆ ದುಡ್ಡು ಕೊಡಬೇಡಿ. 100ರಿಂದ 300 ಮೀಟರಿನ ನಡುವೆ ಮೂರೂ ಬಗೆಯ ಕೆಲಸಕ್ಕೆ ಅರ್ಜಿ ಹಾಕಬಹುದು. ಆದರೆ ಅನುಮತಿ ಇಲ್ಲದೆ ಯಾವುದನ್ನೂ ಶುರು ಮಾಡುವಂತಿಲ್ಲ.

"ದುರಸ್ತಿ ಅಂತ ಬರೆದು ಮೇಲೊಂದು ಸ್ಲ್ಯಾಬ್ ಎಳೆದುಬಿಡೋಣ" ಅನ್ನುವ ಸಲಹೆ ನಿಮಗೆ ಖಂಡಿತ ಬರುತ್ತದೆ. ಬೇಡ. ಅನುಮತಿ ಇಲ್ಲದೆ ಕಟ್ಟಿದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಟ್ಟಿದ್ದನ್ನು ಕೆಡವಿಸುವ ಆದೇಶ ಬಂದರೆ ಅದರ ನಷ್ಟ ಬೇರೆ.

ಹಂತ 3: ಕಾಗದಪತ್ರ

ಹುಬ್ಬಳ್ಳಿ-ಧಾರವಾಡ, ಗದಗದಂಥ ಹಳೆ ಪಟ್ಟಣಗಳಲ್ಲಿ ಸಿಟಿ ಸರ್ವೆ ಕಚೇರಿಯ ಸಿ.ಟಿ.ಎಸ್. ಉತಾರ, ಅಂದರೆ ಆಸ್ತಿ ಯಾರ ಹೆಸರಲ್ಲಿದೆ ಅಂತ ತೋರಿಸುವ ದಾಖಲೆ, ಮುಖ್ಯ. ಅದರ ಜೊತೆ ಪಾಲಿಕೆ ಅಥವಾ ನಗರಸಭೆಯ ಇ-ಖಾತೆ, ಹಳ್ಳಿಯಾದರೆ ಪಂಚಾಯಿತಿಯ ನಮೂನೆ 9 ಮತ್ತು 11.

ಎಷ್ಟೋ ಮನೆಗಳ ಉತಾರದಲ್ಲಿ ಇವತ್ತಿಗೂ ಅಜ್ಜನ ಹೆಸರೇ ಇರುತ್ತದೆ. ಮೊದಲು ವಾರಸಾ ನೋಂದಣಿ ಮಾಡಿಸಿ. ಹಿಸ್ಸಾ ಆಗದ ಮನೆಯಾದರೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ. ಪಕ್ಕದ ಮನೆಯ ಜೊತೆ ನಡುಗೋಡೆ ಜಂಟಿಯಾಗಿದ್ದರೆ ಅವರ ಜೊತೆಗೂ ಈಗಲೇ ಕೂತು ಮಾತಾಡಿ.

1992ಕ್ಕೆ ಮೊದಲೇ ಮನೆ ಇತ್ತು ಅಂತ ತೋರಿಸಲು ಹಳೆ ಖರೀದಿ ಪತ್ರ, ಮನೆಪಟ್ಟಿ ಕಟ್ಟಿದ ರಸೀದಿ, ಕೆ.ಇ.ಬಿ. ಕಾಲದ ಕರೆಂಟ್ ಬಿಲ್ ಹುಡುಕಿ. ಹೆಸ್ಕಾಂ ಬರುವ ಮೊದಲಿನ ಬಿಲ್ಲುಗಳು ಟ್ರಂಕಿನ ತಳದಲ್ಲಿ ಎಲ್ಲೋ ಇದ್ದೇ ಇರುತ್ತವೆ.

ಹಂತ 4: ಹಳೆ ಮನೆಯನ್ನು ಓದಿ

ನಕ್ಷೆ ಬರೆಯುವ ಮೊದಲು ಇರುವ ಮನೆಯ ಅಳತೆ ಆಗಬೇಕು. ನೆಲದ ನಕ್ಷೆ, ಎದುರಿನ ನೋಟ, ಒಂದು ಅಡ್ಡಸೀಳು ನಕ್ಷೆ, ಎಲ್ಲ ಕೋಣೆಗಳ ಫೋಟೋ. ಇಷ್ಟಕ್ಕೆ ಮಾಡುವ ಖರ್ಚು ವ್ಯರ್ಥ ಅಲ್ಲ.

ನಮ್ಮ ಭಾಗದ ಅಂಕಣದ ಮನೆಗಳಲ್ಲಿ (ಎರಡು ಕಂಬಗಳ ನಡುವಿನ ಜಾಗ ಒಂದು ಅಂಕಣ) ಭಾರ ಇಳಿಯುವ ದಾರಿಯೇ ಬೇರೆ. ಮೇಲ್ಮುದ್ದಿಯ, ಅಂದರೆ ಮಣ್ಣಿನ ಛಾವಣಿಯ, ಭಾರ ಜಂತಿಗೆ, ಜಂತಿಯಿಂದ ತೊಲೆಗೆ, ತೊಲೆಯಿಂದ ಕಟ್ಟಿಗೆಯ ಕಂಬಕ್ಕೆ, ಕಂಬದಿಂದ ಕೆಳಗಿನ ಕಲ್ಲಿಗೆ ಹೋಗುತ್ತದೆ. ಮಣ್ಣಿನ ಗೋಡೆ ಎರಡಡಿ ದಪ್ಪ ಇದ್ದರೂ ಬಹಳ ಕಡೆ ಅದು ಸುತ್ತ ಮುಚ್ಚಿ ನಿಂತಿದೆ ಅಷ್ಟೇ. ಗೌಂಡಿ ಗೋಡೆ ತಟ್ಟಿ "ಗ್ವಾಡಿ ಗಟ್ಟಿ ಐತ್ರೀ, ಸ್ಲ್ಯಾಬ್ ಹಾಕಬಹುದು" ಅಂದರೆ ಅಷ್ಟಕ್ಕೇ ಒಪ್ಪಬೇಡಿ.

ಲೆಕ್ಕ ನೋಡಿ. ಒಂದು ಘನ ಮೀಟರ್ ಆರ್‌ಸಿಸಿ ಸುಮಾರು 2500 ಕಿಲೋ ತೂಗುತ್ತದೆ. 5 ಇಂಚು ದಪ್ಪದ ಸ್ಲ್ಯಾಬ್ ಚದರ ಮೀಟರಿಗೆ 310 ಕಿಲೋ ಮೇಲಾಯಿತು. 10 ಅಡಿಗೆ 12 ಅಡಿಯ ಒಂದು ಸಣ್ಣ ಕೋಣೆಯ ಸ್ಲ್ಯಾಬ್ ಒಂದೇ ಸುಮಾರು ಮೂರೂವರೆ ಟನ್. ಇದರ ಮೇಲೆ ಗೋಡೆ, ಪ್ಯಾರಾಪಿಟ್, ನೀರಿನ ಟ್ಯಾಂಕ್, ಮನೆ ಸಾಮಾನು, ಜನ.

ಮೇಲ್ಮುದ್ದಿ ಭಾರ ಇರಲ್ವಾ ಅಂತ ನೀವು ಕೇಳಬಹುದು. ಇರುತ್ತದೆ, ಒಂದಡಿ ಮಣ್ಣಾದರೆ ಸ್ಲ್ಯಾಬಿಗಿಂತ ಭಾರ. ಆದರೆ ಆ ಭಾರ ಕಂಬಗಳ ಮೇಲೆ ಕೂತಿತ್ತು. ಅದನ್ನು ತೆಗೆದು ಸ್ಲ್ಯಾಬಿನ ಅಂಚನ್ನು ಮಣ್ಣಿನ ಗೋಡೆಯ ತಲೆಗೆ ಕೂರಿಸಿದರೆ, ಹೊರುವ ಕೆಲಸ ಮಾಡದಿದ್ದ ಗೋಡೆಗೆ ಹೊರೆ ಹೊರಿಸಿದಂತೆ. ಅದರ ಮೇಲೆ ನಮ್ಮದು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಹಳೆ ಪಾಯ ಆ ಏರಿಳಿತವನ್ನು ಮೆತ್ತಗಿನ ಮಣ್ಣಿನ ಗೋಡೆಯ ಜೊತೆ ತಾಳಿಕೊಂಡು ಬಂದಿದೆ. ಬಿಗಿಯಾದ ಕಾಂಕ್ರೀಟು ಅದೇ ಏರಿಳಿತಕ್ಕೆ ಸೀಳು ಬಿಡುತ್ತದೆ.

ಹಾಗಾಗಿ ಹೊಸ ಭಾಗಕ್ಕೆ ಅದರದೇ ಪಾಯ, ಅದರದೇ ಕಂಬ ಇರಲಿ. ಹಳೆ ಗೋಡೆಗೆ ತಾಗಿಸದೆ ಒಂದೆರಡು ಇಂಚು ಸಂದು ಬಿಟ್ಟು ಕಟ್ಟಿ, ಆ ಸಂದಿಗೆ ಮಳೆನೀರು ಇಳಿಯದಂತೆ ತಗಡಿನ ಪಟ್ಟಿ ಹೊಚ್ಚಿ. ಛಾವಣಿಗೆ ಮಂಗಳೂರು ಹೆಂಚು ಹಾಕಿದರೆ ತೂಕ ಸ್ಲ್ಯಾಬಿನ ಹೆಚ್ಚುಕಡಿಮೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಳೆ ಕಟ್ಟಡ ಬಲ್ಲ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಬಂದು ನೋಡಲೇಬೇಕು. ಇದೊಂದರಲ್ಲಿ ದುಡ್ಡು ಉಳಿಸಬೇಡಿ.

ಹಂತ 5: ಹೊಸ ಕೋಣೆ ಎಲ್ಲಿ, ಎಷ್ಟೆತ್ತರ, ಹೇಗೆ ಕಾಣಬೇಕು

ಪರಿಶೀಲನೆ ಮಾಡುವವರು ಮುಖ್ಯವಾಗಿ ನೋಡುವುದು ಇದನ್ನೇ: ಹೊಸದು ಬಂದ ಮೇಲೆ ಸ್ಮಾರಕದ ಮೇಲೆ, ಅದರ ನೋಟದ ಮೇಲೆ ಏನು ಪರಿಣಾಮ? ನಿಮ್ಮ ನಕ್ಷೆಯೇ ಇದಕ್ಕೆ ಉತ್ತರ ಹೇಳುವಂತಿರಲಿ.

ಜಾಗ ಹಿತ್ತಲ ಕಡೆ ಇರಲಿ. ಓಣಿಗೆ ಮುಖ ಮಾಡಿದ ಕಟ್ಟೆ, ಬಾಗಿಲ ಚೌಕಟ್ಟು, ಮುಂದಿನ ಗೋಡೆ ಹಾಗೇ ಉಳಿಯಲಿ. ಮೇಲೆ ಕಟ್ಟಲೇಬೇಕಾದರೆ ಮುಂಗೋಡೆಯಿಂದ ಒಂದು ಅಂಕಣದಷ್ಟಾದರೂ ಹಿಂದೆ ಸರಿಸಿ. ಇಕ್ಕಟ್ಟಾದ ಓಣಿಯಲ್ಲಿ ನಿಂತವನಿಗೆ ಆಗ ಹೊಸ ಕೋಣೆ ಹೆಚ್ಚಾಗಿ ಕಾಣುವುದೇ ಇಲ್ಲ.

ಎತ್ತರದ ವಿಷಯದಲ್ಲಿ ಎಚ್ಚರ. ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ, ಅಂದರೆ ಎನ್‌ಎಂಎಯ, ಶಿಫಾರಸಿನ ಮೇಲೆ ಸಿಗುವ ಅನುಮತಿಗಳಲ್ಲಿ ಎತ್ತರ ಅಂದರೆ ಪ್ಯಾರಾಪಿಟ್, ಮೆಟ್ಟಿಲ ಮೇಲಿನ ಕೋಣೆ, ನೀರಿನ ಟ್ಯಾಂಕ್ ಎಲ್ಲ ಸೇರಿದ ಎತ್ತರ. ಒಂದು ಉದಾಹರಣೆ. ಪಾಯದ ಕಟ್ಟು 0.6 ಮೀಟರ್, ಕೆಳಗಿನ ಅಂತಸ್ತು 3.3, ಮೇಲಿನದು 3.0, ಮೆಟ್ಟಿಲ ಕೋಣೆ 2.4, ಅದರ ತಲೆ ಮೇಲೆ ಟ್ಯಾಂಕ್ 1.5. ಒಟ್ಟು 10.8 ಮೀಟರ್. ಈಗ ಟ್ಯಾಂಕನ್ನು ಹಿತ್ತಲಲ್ಲಿ ನೆಲಕ್ಕಿಡಿ, ಸಣ್ಣ ಪಂಪ್ ಹಾಕಿ. ಮೆಟ್ಟಿಲ ಕೋಣೆ ಬಿಟ್ಟುಬಿಡಿ, ಮಾಳಿಗೆ ಹತ್ತಲು ಕಬ್ಬಿಣದ ಏಣಿ ಸಾಕು. 1 ಮೀಟರಿನ ಪ್ಯಾರಾಪಿಟ್ ಸೇರಿಸಿದರೂ ಒಟ್ಟು 7.9 ಮೀಟರ್. ವಾಸದ ಜಾಗ ಒಂದಿಂಚೂ ಕಡಿಮೆಯಾಗದೆ ಹತ್ತಿರತ್ತಿರ 3 ಮೀಟರ್ ಇಳಿಯಿತು.

ಇದನ್ನು ಕಣ್ಣಿಗೆ ಕಾಣುವಂತೆ ತೋರಿಸುವುದಕ್ಕೆ ಒಂದು ಸುಲಭ ದಾರಿ ಇದೆ. ಮಾಳಿಗೆಯ ಮೇಲೆ ಹೊಸ ಕೋಣೆಯ ನಾಲ್ಕು ಮೂಲೆ ಬರುವಲ್ಲಿ ನಾಲ್ಕು ಬಿದಿರು ನಿಲ್ಲಿಸಿ. ಛಾವಣಿ ಮುಗಿಯುವ ಎತ್ತರಕ್ಕೆ ಕೆಂಪು ಬಟ್ಟೆ ಕಟ್ಟಿ, ಬಿದಿರಿನಿಂದ ಬಿದಿರಿಗೆ ದಾರ ಎಳೆಯಿರಿ. ಈಗ ಗುಡಿಯ ಬಾಗಿಲಿಗೆ ಹೋಗಿ ನಿಂತು ಹೊರಗೆ ನೋಡಿ, ಫೋಟೋ ತೆಗೆಯಿರಿ. ಆಮೇಲೆ ಓಣಿಯ ಎರಡೂ ತುದಿಯಿಂದ ಗುಡಿ ಕಡೆ ನೋಡಿ ತೆಗೆಯಿರಿ. ಕೆಂಪು ಬಟ್ಟೆ ಶಿಖರಕ್ಕೆ ಅಡ್ಡ ಬಂದರೆ ನಕ್ಷೆ ಬದಲಿಸಬೇಕು. ಬರದಿದ್ದರೆ ಆ ಫೋಟೋಗಳೇ ನಿಮ್ಮ ಪರವಾಗಿ ಮಾತಾಡುತ್ತವೆ. ಕಚೇರಿಯಲ್ಲಿ ಕೂತವರು ನಿಮ್ಮ ಓಣಿ ನೋಡಿರುವುದಿಲ್ಲ ಅಲ್ವಾ? ಅವರಿಗೆ ಓಣಿಯನ್ನು ನೀವೇ ತೋರಿಸಬೇಕು.

ಹೊರಮೈಗೆ ಥಳಥಳ ಗಾಜು, ಹೊಳೆಯುವ ಟೈಲ್ಸ್, ಕಣ್ಣಿಗೆ ಹೊಡೆಯುವ ಬಣ್ಣ ಬೇಡ. ಸುಣ್ಣದ ಬಿಳಿ, ಮಣ್ಣಿನ ಬಣ್ಣ, ಊರಿನ ಕಲ್ಲಿನ ಬೂದು ಒಳ್ಳೆಯದು. ಕಿಟಕಿಗಳು ಹಳೆಯವುಗಳಂತೆ ಅಗಲಕ್ಕಿಂತ ಎತ್ತರ ಜಾಸ್ತಿ ಇರಲಿ. ಹಾಗಂತ ಗುಡಿಯ ಕಂಬ, ಕೆತ್ತನೆಗಳನ್ನು ಸಿಮೆಂಟಿನಲ್ಲಿ ನಕಲು ಮಾಡಬೇಡಿ. ಅದು ಚಾಲುಕ್ಯರ ಕೆತ್ತನೆಗೂ ಮರ್ಯಾದೆಯಲ್ಲ, ನಿಮ್ಮ ಮನೆಗೂ ಅಲ್ಲ. ಹೊಸದು ಹೊಸದಾಗಿಯೇ ಕಾಣಲಿ, ಮೆತ್ತಗೆ ಕಾಣಲಿ.

ಹಂತ 6: ಅರ್ಜಿ

ಈ ಅನುಮತಿಗೆ ಎನ್‌ಎಂಎ ವೆಬ್‌ಸೈಟಿನಲ್ಲಿ ಆನ್‌ಲೈನ್ ವ್ಯವಸ್ಥೆ ಇದೆ. ಜಾಗ ಎಲ್ಲಿದೆ ಅಂತ ಗುರುತಿಸಲು ಇಸ್ರೋ ನೆರವಿನಿಂದ ಮಾಡಿದ ಸ್ಮಾರಕ್ ಅನ್ನುವ ಮೊಬೈಲ್ ಆ್ಯಪ್ ಬಳಸುತ್ತಾರೆ. ನಿಮ್ಮ ಜಾಗದ ಮೂಲೆಗಳಲ್ಲಿ ನಿಂತು ಅದರಲ್ಲಿ ಸ್ಥಳ ದಾಖಲಿಸಬೇಕು. ಎತ್ತರದ ಕಟ್ಟಡಗಳ ನಡುವಿನ ಸಂದಿಯಲ್ಲಿ ಜಿಪಿಎಸ್ ಅಲುಗಾಡುತ್ತದೆ. ಹಾಗಾಗಿ ಮಾಳಿಗೆ ಹತ್ತಿ, ಬಯಲಲ್ಲಿ ನಿಂತು ಮಾಡಿ.

ಅರ್ಜಿಯಲ್ಲಿ ಸ್ಮಾರಕದ ಹೆಸರು, ದೂರ, ಕೆಲಸದ ಬಗೆ, ಅಂತಸ್ತು, ಒಟ್ಟು ಎತ್ತರ, ಪ್ರತಿ ಅಂತಸ್ತಿನ ವಿಸ್ತೀರ್ಣ, ನೆಲಮಾಳಿಗೆ ಇದೆಯೋ ಇಲ್ಲವೋ, ಮನೆಗೋ ಅಂಗಡಿಗೋ ಅನ್ನುವ ವಿವರ ಬೇಕು. ನಕ್ಷೆಯಲ್ಲಿರುವ ಅಂಕಿ ಮತ್ತು ಅರ್ಜಿಯಲ್ಲಿರುವ ಅಂಕಿ ಒಂದೇ ಆಗಿರಲಿ. ಒಂದು ಕಡೆ 7.9, ಇನ್ನೊಂದು ಕಡೆ 8.2 ಅಂತಿದ್ದರೆ ಕಡತ ವಾಪಸ್ ಬರುತ್ತದೆ. ಆ ಸ್ಮಾರಕಕ್ಕೆ ಪ್ರತ್ಯೇಕ ಪಾರಂಪರಿಕ ಉಪವಿಧಿಗಳು ಬಂದಿವೆಯೇ ಅಂತಲೂ ನೋಡಿ. ಬಂದಿದ್ದರೆ ಎತ್ತರ, ಛಾವಣಿ, ಬಣ್ಣದ ಮಿತಿಗಳು ಅದರಲ್ಲೇ ಸಿಗುತ್ತವೆ.

ಕಾಯ್ದೆ ಹೇಳುವ ಗಡುವು ಹೀಗಿದೆ. ಸಕ್ಷಮ ಪ್ರಾಧಿಕಾರ, ಅಂದರೆ ಅನುಮತಿ ಕೊಡಲು ನೇಮಿಸಿದ ಅಧಿಕಾರಿ, ಅರ್ಜಿ ಬಂದ 15 ದಿನದೊಳಗೆ ಎನ್‌ಎಂಎಗೆ ಕಳಿಸಬೇಕು. ಎನ್‌ಎಂಎ 2 ತಿಂಗಳೊಳಗೆ ಶಿಫಾರಸು ಹೇಳಬೇಕು. ಅದು ಬಂದ 1 ತಿಂಗಳೊಳಗೆ ಸಕ್ಷಮ ಪ್ರಾಧಿಕಾರ ಅನುಮತಿ ಕೊಡಬೇಕು ಅಥವಾ ನಿರಾಕರಿಸಬೇಕು. ಅಂದರೆ ಅರ್ಜಿ ಹಾಕಿ ಮೂರು, ಮೂರೂವರೆ ತಿಂಗಳ ಲೆಕ್ಕ. ದೀಪಾವಳಿ ಮುಗಿದ ಮೇಲೆ ಕೆಲಸ ಹಿಡಿಯುವ ಯೋಚನೆ ಇದ್ದರೆ ಕಾರಹುಣ್ಣಿಮೆ ಹೊತ್ತಿಗೇ ಅರ್ಜಿ ಹೋಗಲಿ.

ನಿರಾಕರಿಸುವ ಮೊದಲು ನಿಮ್ಮ ಮಾತು ಹೇಳಲು ಅವಕಾಶ ಕೊಡಬೇಕು, ಆದೇಶ ಬರವಣಿಗೆಯಲ್ಲಿರಬೇಕು. ಆ ಅವಕಾಶಕ್ಕೆ ಬಿದಿರಿನ ಫೋಟೋ, ಎತ್ತರ ಇಳಿಸಿದ ಬದಲಿ ನಕ್ಷೆ ಎರಡನ್ನೂ ಹಿಡಿದು ಹೋಗಿ. ವಾದಕ್ಕಿಂತ ಬದಲಿ ನಕ್ಷೆ ಜಾಸ್ತಿ ಕೆಲಸ ಮಾಡುತ್ತದೆ.

ಹಂತ 7: ಪಾಲಿಕೆ, ನಗರಸಭೆ, ಪಂಚಾಯಿತಿ

ಸಕ್ಷಮ ಪ್ರಾಧಿಕಾರದ ಅನುಮತಿ ಬಂದ ಮೇಲೆ ಕಟ್ಟಡ ಪರವಾನಗಿ. ಹುಬ್ಬಳ್ಳಿ-ಧಾರವಾಡದಲ್ಲಿ ಮಹಾನಗರ ಪಾಲಿಕೆ, ಗದಗ-ಬೆಟಗೇರಿ ಮತ್ತು ಹಾವೇರಿಯಲ್ಲಿ ನಗರಸಭೆ, ಲಕ್ಕುಂಡಿಯಲ್ಲಿ ಗ್ರಾಮ ಪಂಚಾಯಿತಿ. ಒಂದು ಪರವಾನಗಿ ಇನ್ನೊಂದರ ಬದಲಿಗೆ ನಡೆಯುವುದಿಲ್ಲ, ಎರಡೂ ಬೇಕು. ಎರಡೂ ಕಡೆ ಒಂದೇ ನಕ್ಷೆ ಕೊಡಿ.

ಹಂತ 8: ಕೆಲಸ ನಡೆಯುವಾಗ

ಪಾಯವನ್ನು ಕೈಯಿಂದ ತೋಡಿಸಿ. ಜೆಸಿಬಿ, ಬ್ರೇಕರ್‌ಗಳ ಅದುರು ಹಳೆ ಗೋಡೆಗೂ ಒಳ್ಳೆಯದಲ್ಲ, ಪಕ್ಕದ ಗುಡಿಗೂ ಅಲ್ಲ. ಲಕ್ಕುಂಡಿಯ ಗುಡಿಗಳು ಮೆತ್ತಗಿನ ಬಳಪದ ಕಲ್ಲಿನವು. ಅಷ್ಟು ನವಿರು ಕೆತ್ತನೆ ಸಾಧ್ಯವಾಗಿದ್ದು ಆ ಮೆತ್ತನೆಯಿಂದಲೇ, ಬೇಗ ಪೆಟ್ಟಾಗುವುದೂ ಅದರಿಂದಲೇ.

ತೋಡುವಾಗ ಕೆತ್ತಿದ ಕಲ್ಲು, ಶಾಸನ, ನಾಣ್ಯ, ಮಡಕೆ ಏನೇ ಸಿಕ್ಕರೂ ಅಲ್ಲಿಗೇ ನಿಲ್ಲಿಸಿ. ಎತ್ತಬೇಡಿ, ತೊಳೆಯಬೇಡಿ, ಇದ್ದಲ್ಲೇ ಫೋಟೋ ತೆಗೆಯಿರಿ. ತಹಶೀಲ್ದಾರರಿಗೂ ಪುರಾತತ್ವ ಇಲಾಖೆಗೂ ತಿಳಿಸಿ. ನೆಲದೊಳಗೆ ಸಿಕ್ಕ ಬೆಲೆಬಾಳುವ ವಸ್ತುವನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತ ನಿಧಿ ಕಾಯ್ದೆ ಹೇಳುತ್ತದೆ, ಮುಚ್ಚಿಟ್ಟರೆ ಶಿಕ್ಷೆ ಇದೆ. ಕೆತ್ತಿದ ಕಲ್ಲನ್ನು ಮಗುಚಿ ಪಾಯಕ್ಕೋ ಬಚ್ಚಲ ಹಾಸಿಗೋ ಹಾಕುವ ರೂಢಿ ನಮ್ಮಲ್ಲಿ ಇತ್ತು. ಎಷ್ಟೋ ಶಾಸನಗಳು ಹಾಗೇ ಹೋದವು. ಇನ್ನಾದರೂ ನಿಲ್ಲಬೇಕು.

ಹೊಸ ಛಾವಣಿಯ ಮಳೆನೀರು, ಬಚ್ಚಲ ನೀರು ಗುಡಿಯ ಕಾಂಪೌಂಡಿನ ಕಡೆ ಹರಿಯದಿರಲಿ. ಕೆಡವಿದ ಮಣ್ಣು ಹಳೆ ಬಾವಿಗೆ ಬೀಳದಿರಲಿ. ಅನುಮತಿ ಪತ್ರದ ಒಂದು ಪ್ರತಿ ಕೆಲಸದ ಜಾಗದಲ್ಲೇ ಇರಲಿ. ನಡುವೆ "ಹೆಂಗೂ ಹಾಕತೀವಿ, ಇನ್ನೊಂದೆರಡು ಅಡಿ ಏರಸೋಣ" ಅನ್ನುವ ಮಾತಿಗೆ ಬಗ್ಗಬೇಡಿ.

100 ಮೀಟರಿನೊಳಗೆ ಇರುವವರಿಗೆ

ನಿಮಗೆ ಹೊಸ ಕೋಣೆ ಸಿಗದು. ಆದರೆ ಹಳೆ ಮನೆಯೊಳಗೆ ಜಾಗ ಇದೆ. ಹುಡುಕಿ ತೆಗೆಯಬೇಕು.

ನಮ್ಮ ಹಳೆ ಮನೆಗಳಲ್ಲಿ ತಲಬಾಗಿಲು ದಾಟಿದ ಕೂಡಲೇ ದನ ಕಟ್ಟುವ ತಗ್ಗಿನ ಜಾಗ ಇರುತ್ತದೆ, ಗ್ವಾದಲಿ (ಮೇವು ಹಾಕುವ ತೊಟ್ಟಿ) ಸಮೇತ. ಈಗ ಬಹುತೇಕ ಕಡೆ ದನ ಇಲ್ಲ. ಅಲ್ಲಿ ಬೈಕು, ಹಳೆ ಸಾಮಾನು. ಎರಡು ಅಂಕಣ ಅಗಲ ಇದ್ದರೆ ಅದು ಒಳ್ಳೆಯ ಮಲಗುವ ಕೋಣೆ ಆಗುತ್ತದೆ. ನೆಲವನ್ನು ಪಡಸಾಲೆಯ ಮಟ್ಟಕ್ಕೆ ಏರಿಸಬೇಕಿಲ್ಲ, ಆ ತಗ್ಗಿನಿಂದಲೇ ತಲೆ ಮೇಲೆ ಎತ್ತರ ಸಿಗುತ್ತದೆ. ತೇವ ಏರದಂತೆ ಕೆಳಗೆ ಜಲ್ಲಿ ಹಾಕಿ, ಮೇಲೆ ಶಾಬಾದ್ ಕಲ್ಲು ಹಾಸಿ. ಪಡಸಾಲೆ ಕಡೆಗೆ ಕಟ್ಟಿಗೆಯ ಜಾಲರಿ ತಡಿಕೆ ಇಟ್ಟರೆ ಗಾಳಿ ಆಡುತ್ತದೆ. ಕತ್ತಲಾದರೆ ಮೇಲ್ಮುದ್ದಿಯಲ್ಲಿ ಮುಚ್ಚಿಹೋಗಿರುವ ಬೆಳಕಿಂಡಿ ತೆರೆದು ದಪ್ಪ ಗಾಜು ಕೂರಿಸಿ.

ಧಾನ್ಯ ತುಂಬುತ್ತಿದ್ದ ಕೋಣೆ, ಅಡುಗೆಮನೆ ಮೇಲಿನ ಅಟ್ಟ, ಹಿತ್ತಲ ಬಾಗಿಲ ಹತ್ತಿರದ ಕಟ್ಟಿಗೆ ಕೋಣೆ, ಇವೂ ಹಾಗೆಯೇ. ಇವೆಲ್ಲ ಇರುವ ಗೋಡೆ, ಇರುವ ಛಾವಣಿಯೊಳಗಿನ ಬದಲಾವಣೆ. ಹಾಗಾಗಿ ನವೀಕರಣದ ಅರ್ಜಿಯಲ್ಲಿ ಕೇಳಬಹುದು. ಅರ್ಜಿಯ ನಕ್ಷೆಯಲ್ಲಿ ಈಗಿನ ಹೊರ ಅಳತೆ ಮತ್ತು ಮುಂದಿನ ಹೊರ ಅಳತೆ ಎರಡನ್ನೂ ಪಕ್ಕಪಕ್ಕದಲ್ಲಿ ಬರೆದು, ಉದ್ದ, ಅಗಲ, ಎತ್ತರ ಮೂರೂ ಬದಲಾಗಿಲ್ಲ ಅಂತ ಮೊದಲ ಹಾಳೆಯಲ್ಲೇ ತೋರಿಸಿ. ಕೆಲಸ ಶುರುವಾಗುವ ಮುಂಚಿನ ಫೋಟೋಗಳನ್ನೂ ಅದರ ಜೊತೆಗೇ ಲಗತ್ತಿಸಿ.